.22 ರೈಫಲ್ಲನ್ನು ಮಳೆ ಸೀಮೆಯಲ್ಲಿ ಜೋಪಾನ ಮಾಡುವ ಬಗೆ

ಗುಂಡು ಹಾರಿಸಿ ಹಾರಿಸಿ ಸವೆದ .22 (0.22 ಇಂಚು ಬಾಯಗಲದ) ರೈಫಲ್ ಸಿಗುವುದು ಅಪರೂಪ. ಹೆಚ್ಚಿನವು ಕೆಡುವುದು ಕವರಿನೊಳಗೆ ಬಿದ್ದಲ್ಲೇ ಜಂಗು ಹಿಡಿದು, ಇಲ್ಲವೇ ಮಾಲೀಕ ಅತಿಯಾಗಿ ತಿಕ್ಕಿ. ಅದರಲ್ಲೂ ನಮ್ಮ ಖಾನಾಪುರದಂಥ ಕಡೆ, ಮಿರಗ ಮಳೆ ಹಿಡಿದರೆ ಗೋಡೆ ಒಣಗಲು ದೀಪಾವಳಿಯೇ ಬರಬೇಕು. ವಿಜಯಪುರದ ಬಿಸಿಲಿನಲ್ಲಿರುವವರಿಗೆ ಈ ಚಿಂತೆ ಅಷ್ಟಿಲ್ಲ, ಅವರಿಗೆ ಧೂಳಿನದೇ ಕಾಟ.

ನನ್ನ ಹತ್ತಿರ ಇರುವುದು ಇಛಾಪುರ ರೈಫಲ್ ಫ್ಯಾಕ್ಟರಿಯ ಸ್ಪೋರ್ಟಿಂಗ್ ರೈಫಲ್. ಬೋಲ್ಟ್ (ತೋಟಾ ಒಳಗೆ ತಳ್ಳುವ ಉಕ್ಕಿನ ಅಗಳಿ) ಪ್ರತಿಸಲ ಕೈಯಿಂದ ಎಳೆದು ಹೊಡೆಯುವಂಥದ್ದು, ಮ್ಯಾಗಜಿನ್‌ನಲ್ಲಿ ಐದು ಗುಂಡು. ಅಪ್ಪ ಮರಾಠಾ ಲೈಟ್ ಇನ್‌ಫಂಟ್ರಿಯಿಂದ ನಿವೃತ್ತರಾದ ಮೇಲೆ ಕೊಂಡಿದ್ದು. ಅವರಿಗೆ ಎಪ್ಪತ್ತು ದಾಟಿದ ಮೇಲೆ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ವಾರಸುದಾರರಿಗೆ ಇರುವ ಅವಕಾಶದಡಿ ಅರ್ಜಿ ಹಾಕಿ ನನ್ನ ಹೆಸರಿಗೆ ಮಾಡಿಸಿಕೊಂಡೆ. ಅಮೆರಿಕದಲ್ಲಿ 1964ರಿಂದ ಬರುತ್ತಿರುವ ರೂಗರ್ 10/22 ಥರದ ಅಗ್ಗದ ಸೆಮಿ-ಆಟೊಮ್ಯಾಟಿಕ್ (ಹೊಡೆದಂತೆ ಮುಂದಿನ ತೋಟಾ ತಾನೇ ತುಂಬಿಕೊಳ್ಳುವ ರೈಫಲ್) ಹಿಡಿದವರು ನಮ್ಮ ಬೋಲ್ಟ್ ರೈಫಲ್ ನೋಡಿ ನಿಧಾನದ್ದು ಅನ್ನಬಹುದು. ಗುರಿ ಕಲಿಯುವವರಿಗೆ ಆ ನಿಧಾನವೇ ಒಳ್ಳೆಯದು ಅಂತ ನನ್ನ ಗಟ್ಟಿ ಅಭಿಪ್ರಾಯ. ಸ್ವಚ್ಛ ಮಾಡುವಾಗಲಂತೂ ಬೋಲ್ಟ್ ರೈಫಲ್ಲೇ ಮೇಲು.

ಯಾಕೆಂದರೆ ಬೋಲ್ಟ್ ಪೂರ್ತಿ ಹೊರಗೆ ಬರುತ್ತದೆ. ಮೊದಲು ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ ಎಳೆಯಿರಿ, ಚೇಂಬರ್ (ಬ್ಯಾರಲ್ಲಿನ ಹಿಂದೆ ತೋಟಾ ಕೂರುವ ಜಾಗ) ಖಾಲಿ ಇದೆಯೇ ಅಂತ ಕಣ್ಣಿಂದ ನೋಡಿ, ಆಮೇಲೆ ಕಿರುಬೆರಳು ಇಟ್ಟು ನೋಡಿ. ಬೋಲ್ಟ್ ತೆಗೆದ ಮೇಲೆ ಸ್ವಚ್ಛ ಮಾಡುವ ರಾಡನ್ನು ಹಿಂದಿನಿಂದ, ಚೇಂಬರ್ ಕಡೆಯಿಂದ ಹಾಕಿ. ಮುಂದಿನ ಬಾಯಿಂದ ಹಾಕಿದರೆ ರಾಡ್ ಅಂಚಿಗೆ ಉಜ್ಜುತ್ತದೆ. ಗುಂಡು ಬ್ಯಾರಲ್ ಬಿಡುವಾಗ ಕೊನೆಗೆ ಮುಟ್ಟುವುದು ಆ ಅಂಚನ್ನೇ. ಅದು ಒಂದು ಕಡೆ ಸವೆದರೆ ಎಂಥಾ ತೋಟಾ ಹಾಕಿದರೂ ಗುರಿ ಚದುರುತ್ತದೆ. 10/22ರಲ್ಲಿ ಹಿಂಭಾಗ ಮುಚ್ಚಿರುವುದರಿಂದ ಅದನ್ನು ಇಟ್ಟವರು ಬಿಚ್ಚದೆ ಸ್ವಚ್ಛ ಮಾಡಬೇಕೆಂದರೆ ಚಿಂದಿ ಕಟ್ಟಿ ಬ್ಯಾರಲ್ಲಿನೊಳಗೆ ಎಳೆಯುವ ಹಗ್ಗವನ್ನೇ ನಂಬಬೇಕು. ಅಪ್ಪನೂ ಹಗ್ಗದವರೇ, ಫೌಜಿನ ರೂಢಿ. ಪುಲ್‌ಥ್ರೂ ಅನ್ನುವ ಈ ಹಗ್ಗದ ತುದಿಯ ತೂಕವನ್ನು ಚೇಂಬರಿನಿಂದ ಇಳಿಬಿಟ್ಟು, ಚಿಂದಿ ಸಿಕ್ಕಿಸಿ, ಒಂದೇ ಎಳೆತಕ್ಕೆ ನೇರವಾಗಿ ಎಳೆಯಬೇಕು. ಓರೆ ಎಳೆದರೆ ಹಗ್ಗವೂ ಅದೇ ಅಂಚನ್ನು ತಿನ್ನುತ್ತದೆ.

ಚಿಂದಿಗೆ ಹಳೆಯ ಧೋತರದ ಬಟ್ಟೆಯಷ್ಟು ಚಲೋದು ಇನ್ನೊಂದಿಲ್ಲ. ಗಂಜಿ ಪೂರ್ತಿ ಹೋಗಿರಬೇಕು. ಎಣ್ಣೆ ಗನ್ ಆಯಿಲ್ ಆಗಲಿ, ಸಿಗದಿದ್ದರೆ ಹೊಲಿಗೆ ಮಷೀನಿನ ತೆಳು ಎಣ್ಣೆ ಆಗಲಿ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಮಾತ್ರ ಬೇಡ, ದಿನ ಕಳೆದಂತೆ ಅಂಟಾಗಿ ಫೈರಿಂಗ್ ಪಿನ್ನಿನ (ತೋಟಾಕ್ಕೆ ಬಡಿಯುವ ಮೊಳೆಯ) ಓಟವನ್ನೇ ತಡೆಯಬಹುದು.

ಬ್ಯಾರಲ್ ಒಳಭಾಗವನ್ನು ಪ್ರತಿಸಲ ತಿಕ್ಕುವ ಅಗತ್ಯವಿಲ್ಲ. .22ರ ಸಾದಾ ಗುಂಡು ಮೇಣ ಸವರಿದ ಮೆದು ಸೀಸ, ವೇಗವೂ ಕಡಿಮೆ. ತೆಳುವಾದ ಮೇಣದ ಪದರ ಒಳಗೆ ಕೂತ ಮೇಲೆಯೇ ಗುಂಡು ಒಂದೇ ಕಡೆ ಬೀಳತೊಡಗುತ್ತದೆ. ಗುರಿ ಸಡಿಲಾದಾಗ ಮಾತ್ರ ಸ್ವಚ್ಛ ಮಾಡಿ, ಆಮೇಲಿನ ಮೊದಲ ಕೆಲವು ಗುಂಡು ಅತ್ತಿತ್ತ ಹೋದರೆ ಗಾಬರಿಯಾಗಿ ಸೈಟ್ (ಗುರಿ ನೋಡುವ ಕಣ್ಣು) ತಿರುಗಿಸಬೇಡಿ. ಪ್ರತಿಸಲ ನೋಡಬೇಕಾದದ್ದು ಬೋಲ್ಟಿನ ಮುಖ ಮತ್ತು ಹೊಡೆದ ತೋಟಾದ ಖಾಲಿ ಕೇಸ್ ಎಳೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆ. ಕೊಕ್ಕೆಯ ಅಡಿಯಲ್ಲಿ ಕಪ್ಪು ಮಸಿಯೂ ಮೇಣವೂ ಕೂಡಿ ಉಗುರಿನ ಕೆಸರಿನಂತೆ ಗಟ್ಟಿಯಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಚೂಪು ಮಾಡಿದ ಬಿದಿರು ಕಡ್ಡಿ ಸಾಕು. ಖಾಲಿ ಕೇಸ್ ಹೊರಗೆ ಬರುತ್ತಿಲ್ಲ ಅನ್ನುವ ದೂರು ಬಂದಾಗೆಲ್ಲ ನಾನು ಮೊದಲು ನೋಡುವುದು ಅಲ್ಲೇ. ಎರಡನೆಯದು ಮ್ಯಾಗಜಿನ್ನಿನ ತುಟಿ. ನೆಲಕ್ಕೆ ಬಿದ್ದು ಕೂದಲೆಳೆಯಷ್ಟು ಬಾಗಿದರೂ ತೋಟಾ ತಲೆ ಎತ್ತಿ ಸಿಕ್ಕಿಕೊಳ್ಳುತ್ತದೆ.

ರಿಮ್‌ಫೈರ್ ತೋಟಾದಲ್ಲಿ (.22ರದು ಇದೇ ಜಾತಿ) ಕಿಡಿ ಹೊತ್ತುವ ಮದ್ದು ನಡುವೆ ಇರುವುದಿಲ್ಲ, ಹಿಂದಿನ ಅಂಚಿನ ಸುತ್ತ ಇರುತ್ತದೆ. ಪಿನ್ ಆ ಅಂಚಿಗೇ ಬಡಿಯುತ್ತದೆ. ಖಾಲಿ ರೈಫಲ್ಲಿನ ಕುದುರೆ (ಟ್ರಿಗರ್) ಎಳೆದು ಆಟ ಆಡಿದರೆ ಪಿನ್ ಚೇಂಬರಿನ ಅಂಚಿಗೆ ಹೊಡೆದು ಗುಳಿ ಬೀಳಬಹುದು. ಅಭ್ಯಾಸಕ್ಕೆ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಸುಳ್ಳು ತೋಟಾ) ಹಾಕಿಕೊಳ್ಳಿ. ಮದ್ದು ಅಂಚಿನ ಸುತ್ತ ಸಮನಾಗಿ ಹರಡಿಲ್ಲದಿದ್ದರೆ ತೋಟಾ ಕೆಲವೊಮ್ಮೆ ಹೊತ್ತುವುದಿಲ್ಲ. ಆಗ ಬ್ಯಾರಲ್ ಗುರಿಹಲಗೆಯ ಕಡೆಗೇ ಇಟ್ಟು ಕನಿಷ್ಠ 30 ಸೆಕೆಂಡ್ ಕಾಯಿರಿ, ಆಮೇಲೆ ಬೋಲ್ಟ್ ತೆರೆಯಿರಿ. ‘ಪುಸ್’ ಅಂತ ಮೆತ್ತಗೆ ಸದ್ದಾದರೆ ಅಲ್ಲಿಗೇ ನಿಲ್ಲಿಸಿ. ಗುಂಡು ಬ್ಯಾರಲ್ಲಿನಲ್ಲೇ ಕೂತಿರಬಹುದು, ಹಿಂದಿನಿಂದ ಇನ್ನೊಂದು ಹೊಡೆದರೆ ಬ್ಯಾರಲ್ ಉಬ್ಬುತ್ತದೆ, ಸೀಳಲೂಬಹುದು. ರೈಫಲ್ ಖಾಲಿ ಮಾಡಿ, ಬೋಲ್ಟ್ ತೆಗೆದು, ಆಚೆಯ ಬೆಳಕು ಕಂಡ ಮೇಲೆಯೇ ಮುಂದಿನ ಮಾತು.

ಓಣಿಯ ಹುಡುಗರು ಕೇಳುತ್ತಲೇ ಇರುತ್ತಾರೆ: ‘ಕಾಕಾ, ಇದರಾಗ ಕಬ್ಬಿನ್ಯಾಗಿನ ಹಂದಿ ಹೊಡೀಬಹುದೇನ್ರಿ?’ ‘ಇಲ್ಲ ತಮ್ಮಾ. 1972ರ ವನ್ಯಜೀವಿ ಕಾಯ್ದೆ ಐತಿ, ಪರವಾನಗಿ ಇಲ್ಲದ ಕೈ ಹಚ್ಚಂಗಿಲ್ಲ. ಅದೂ ಅಲ್ದ ಈ ಗುಂಡು ಮೂರು ಗ್ರಾಂ ಸೈತ ತೂಗಂಗಿಲ್ಲ. ಹಂದಿ ಸಾಯಂಗಿಲ್ಲ, ಗಾಯ ಆಗಿ ನಿನ್ನ ಮ್ಯಾಲ ಬರತೈತಿ.’ ಸಣ್ಣ ಗುಂಡು ಅಂತ ಹಗುರವಾಗಿಯೂ ತಿಳಿಯಬೇಡಿ. ಎತ್ತಿ ಹೊಡೆದರೆ ಸುಮಾರು ಒಂದೂವರೆ ಕಿಲೋಮೀಟರ್ ಹೋಗುತ್ತದೆ, ಕಲ್ಲಿಗೆ ನೀರಿಗೆ ತಾಗಿ ಪುಟಿಯುತ್ತದೆ. ಹೊಲದಲ್ಲಿ ಡಬ್ಬಿ ಇಟ್ಟು ಹೊಡೆಯುವ ಚಟ ಬೇಡ, ಶೂಟಿಂಗ್ ರೇಂಜಿಗೆ ಹೋಗಿ.

ಇನ್ನು ಚುನಾವಣೆಯ ವಿಷಯ. ನೀತಿಸಂಹಿತೆ ಬಂತೆಂದರೆ ಬಂದೂಕು ಠಾಣೆಗೆ ಒಪ್ಪಿಸಲು ಹೇಳಿಕಳಿಸುತ್ತಾರೆ. 2023ರ ವಿಧಾನಸಭೆಗೂ, 2024ರ ಲೋಕಸಭೆಗೂ ರೈಫಲ್ಲುಗಳು ವಾರಗಟ್ಟಲೆ ಅಲ್ಲೇ ಇದ್ದವು. ಕೊಡುವ ಹಿಂದಿನ ದಿನ ಬ್ಯಾರಲ್ಲಿಗೆ ಎಣ್ಣೆಯ ಚಿಂದಿ ಎಳೆಯಿರಿ, ಹೊರಗಿನ ಉಕ್ಕನ್ನು ಎಣ್ಣೆ ಬಟ್ಟೆಯಿಂದ ಒರೆಸಿ, ಬೆರಳಚ್ಚು ಉಳಿಯಬಾರದು, ಬೆವರಿನ ಉಪ್ಪಿನಿಂದಲೇ ಜಂಗು ಶುರು. ಸ್ಪಂಜ್ ಇರುವ ರೆಕ್ಸಿನ್ ಕವರಿನಲ್ಲಿ ಕೊಡಬೇಡಿ. ಸ್ಪಂಜ್ ತೇವ ಹೀರಿ ಅಲ್ಲೇ ಹಿಡಿದುಕೊಳ್ಳುತ್ತದೆ. ನನ್ನ ಗೆಳೆಯರೊಬ್ಬರ ರೈಫಲ್ ಅಂಥ ಕವರಿನಿಂದ ಹೊರಬಂದಾಗ ಸ್ಪಂಜ್ ಒತ್ತಿದ ಜಾಗದಲ್ಲೆಲ್ಲ ಕಂದು ಚುಕ್ಕೆ. ದಪ್ಪ ಹತ್ತಿ ಬಟ್ಟೆಯ ಚೀಲ ಹೊಲಿಸಿ. ನಂಬರ್ ಕಾಣುವಂತೆ ಫೋಟೋ ತೆಗೆದಿಟ್ಟುಕೊಳ್ಳಿ, ರಸೀದಿಯಲ್ಲಿ ಅದೇ ನಂಬರ್ ಬರೆದಿದ್ದಾರೆಯೇ ಅಂತ ಅಲ್ಲೇ ನಿಂತು ಓದಿ.

ಮನೆಯಲ್ಲಿದ್ದಾಗ ಕಬ್ಬಿಣದ ಕಪಾಟಿನಲ್ಲಿ, ಹೊರಗೋಡೆಗೆ ತಾಗದ ಹಾಗೆ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ತೋಟಾ ಬೇರೆ ಕಡೆ, ಬೇರೆ ಬೀಗದಲ್ಲಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ತೆಗೆದು ನೋಡಿ ಒರೆಸಿಡಿ.

ಠಾಣೆಯಿಂದ ತಂದ ಮೇಲೆ ನೇರ ರೇಂಜಿಗೆ ಒಯ್ಯಬೇಡಿ. ಒಣ ಚಿಂದಿ ಎಳೆದು ಎಣ್ಣೆ ತೆಗೆಯಿರಿ, ಬ್ಯಾರಲ್ ಒಳಗೆ ಬೆಳಕು ಬಿಟ್ಟು ನೋಡಿ, ಸ್ಕ್ರೂ ಬಿಗಿ ಇವೆಯೇ ಪರೀಕ್ಷಿಸಿ. ಹಾಗೆಯೇ ಲೈಸೆನ್ಸ್ ತೆರೆದು ನವೀಕರಣದ ತಾರೀಖು ನೋಡಿ. 2019ರ ತಿದ್ದುಪಡಿಯಿಂದ ಅವಧಿ ಮೂರರ ಬದಲು ಐದು ವರ್ಷವಾಗಿದೆ, ಹಾಗಾಗಿ ಮರೆಯುವವರೂ ಹೆಚ್ಚಾಗಿದ್ದಾರೆ.