ಪಿಕಪ್ಪಿನ ಒಳಗೆ ಅಡಗಿ ಕೂತದ್ದನ್ನ ಹುಡುಕಿ ತೆಗೆಯೋದು ಹೇಗೆ?

ಕಳೆದ ಮಳೆಗಾಲದಲ್ಲಿ ಒಂದಿನ ರಾತ್ರಿ ಹತ್ತೂವರೆಗೆ ಭಾವನ ಫೋನ್ ಬಂತು. ಹೆಜಮಾಡಿ ಹತ್ರ ಹೈವೇ ಬದಿಯಲ್ಲಿ ಗಾಡಿ ಪಂಕ್ಚರ್, ಹೊರಗೆ ಜೋರು ಮಳೆ, ಹಿಂದಿನ ಸೀಟಲ್ಲಿ ಮಕ್ಕಳಿಬ್ರು ಮಲಗಿದ್ದಾರೆ. "ಈ ಗಾಡಿಗೆ ಜಾಕೇ ಇಲ್ಲ ಮಾರಾಯ, ಸ್ಟೆಪ್ನಿ ಅಡಿಯಲ್ಲಿ ಕಾಣ್ತದೆ, ಆದ್ರೆ ಇಳಿಸೋದು ಹೇಗೆ ಅಂತ ಗೊತ್ತಾಗ್ತಿಲ್ಲ" ಅಂತ. ಸೆಕೆಂಡ್ ಹ್ಯಾಂಡ್ ತಗೊಂಡ ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ) ಪಿಕಪ್ ಅದು, ಜೊತೆಗೆ ಬರಬೇಕಾದ ಪುಸ್ತಕ ಬಂದಿರ್ಲಿಲ್ಲ. ಜಾಕ್ ಇತ್ತು, ಮಕ್ಕಳು ಮಲಗಿದ್ದ ಸೀಟಿನ ಅಡಿಯಲ್ಲೇ ಇತ್ತು.

ಅವತ್ತಿಂದ ಪಿಕಪ್ ತಗೊಂಡವರು ಯಾರು ಸಿಕ್ಕಿದ್ರೂ ನಾನು ಹೇಳೋದು ಒಂದೇ, ಒಂದು ಆದಿತ್ಯವಾರ ಬೆಳಿಗ್ಗೆ ಗಾಡಿಯನ್ನ ಅಂಗಳದಲ್ಲಿ ನಿಲ್ಲಿಸಿ, ಒಂದು ಟಾರ್ಚ್ ಹಿಡ್ಕೊಂಡು ಒಳಗೆ ಕೂತ್ಕೊಂಡು ಹುಡುಕಿ. ಕಾರಲ್ಲಾದ್ರೆ ಡಿಕ್ಕಿ ಉಂಟು, ಪಿಕಪ್ಪಿಗೆ ಅದಿಲ್ಲ, ಹಿಂದೆ ತೆರೆದ ಬಾಡಿ ಮಾತ್ರ, ಅಲ್ಲಿಟ್ಟದ್ದು ಒಂದೋ ಒದ್ದೆಯಾಗ್ತದೆ ಇಲ್ಲದಿದ್ರೆ ಕಾಣೆಯಾಗ್ತದೆ, ಹಾಗಾಗಿ ಡಿಸೈನ್ ಮಾಡುವವರು ಕ್ಯಾಬಿನ್ ಒಳಗಿನ ಒಂದೊಂದು ಮೂಲೆಯನ್ನೂ ಬಿಡದೆ ಏನಾದ್ರೊಂದು ಮಾಡಿಟ್ಟಿರ್ತಾರೆ.

ಮೊದಲು ಡ್ರೈವರ್ ಸೀಟಲ್ಲಿ ಕೂತು ಮೀಟರ್ ನೋಡಿ. ಡೀಸೆಲ್ ಪಂಪಿನ ಚಿತ್ರದ ಪಕ್ಕ ಒಂದು ಸಣ್ಣ ಬಾಣ ಇರ್ತದೆ, ಅದು ಯಾವ ಕಡೆ ತೋರಿಸ್ತದೋ ಟ್ಯಾಂಕಿನ ಮುಚ್ಚಳ ಆ ಕಡೆ. ತುಂಬಾ ಹಳೇ ಗಾಡಿಯಲ್ಲಿ ಇಲ್ಲದೇ ಇರಬಹುದು. ಇದರ ಕಥೆ ನನಗೆ ತುಂಬಾ ಇಷ್ಟ. ಫೋರ್ಡ್ ಕಂಪನಿಯ ಇಂಜಿನಿಯರ್ ಜಿಮ್ ಮೋಯ್ಲಾನ್ 1986ರಲ್ಲಿ ಆಫೀಸಿನ ಗಾಡಿಗೆ ಪೆಟ್ರೋಲ್ ಹಾಕಿಸ್ಲಿಕ್ಕೆ ಹೋಗಿ ತಪ್ಪು ಬದಿಯಲ್ಲಿ ನಿಲ್ಲಿಸಿ ಮಳೆಗೆ ಪೂರಾ ಒದ್ದೆಯಾದ್ರು, ವಾಪಸ್ ಬಂದವರೇ ಮೀಟರಲ್ಲಿ ಒಂದು ಗುರುತು ಹಾಕಿ ಅಂತ ಮೇಲಿನವರಿಗೆ ಬರೆದ್ರು. 1989ರ ಮಾಡೆಲ್ ಫೋರ್ಡ್ ಎಸ್ಕಾರ್ಟ್‌ನಲ್ಲಿ ಅದು ಬಂತು, ಈಗ ಲೋಕವಿಡೀ ಉಂಟು. ಜೂನ್ ತಿಂಗಳಲ್ಲಿ ಉಡುಪಿಯಲ್ಲಿ ಡೀಸೆಲ್ ಹಾಕಿಸಿದವರಿಗೆ ಆ ಮನುಷ್ಯನ ಕಷ್ಟ ಬಿಡಿಸಿ ಹೇಳ್ಬೇಕಂತ ಇಲ್ಲ.

ಆಮೇಲೆ ಕೀ. ಬಟನ್ ಸ್ಟಾರ್ಟ್ ಗಾಡಿಯ ರಿಮೋಟಿನ ಬದಿಯಲ್ಲಿ ಒಂದು ಸಣ್ಣ ಲಾಕ್ ಇರ್ತದೆ, ಅದನ್ನ ಸರಿಸಿ ಎಳೆದ್ರೆ ಒಳಗಿಂದ ಕಬ್ಬಿಣದ ಕೀ ಹೊರಗೆ ಬರ್ತದೆ, ರಿಮೋಟಿನ ಸೆಲ್ ಸತ್ತರೂ ಬಾಗಿಲು ತೆಗೀಬಹುದು. ಸ್ಟಾರ್ಟ್ ಮಾಡೋದು ಹೇಗೆ? ಹೈಲಕ್ಸ್ ತರದ ಟೊಯೋಟಾ ಆದ್ರೆ ಬ್ರೇಕ್ ಒತ್ತಿ (ಮ್ಯಾನ್ಯುವಲ್ ಗೇರಾದ್ರೆ ಕ್ಲಚ್ ಕೂಡ), ರಿಮೋಟಿನ ಲೋಗೋ ಇರುವ ಬದಿಯನ್ನ ಸ್ಟಾರ್ಟ್ ಬಟನ್‌ಗೆ ತಾಗಿಸಿ, ಬೀಪ್ ಅಂದ ಕೂಡ್ಲೇ ಬಟನ್ ಒತ್ತಿ. ಇದನ್ನ ಮನೆಯಲ್ಲೇ ಒಮ್ಮೆ ಮಾಡಿ ನೋಡಿ, ಶಿರಾಡಿ ಘಾಟಿಯಲ್ಲಿ ನಿಂತು ಕಲಿಯೋದು ಬೇಡ.

ಡ್ಯಾಶ್‌ಬೋರ್ಡಿನ ಎರಡೂ ಕೊನೆಯಲ್ಲಿ ಎಸಿ ವೆಂಟಿನ ಅಡಿಯಲ್ಲಿ ಒತ್ತಿ ನೋಡಿ. 2016ರಲ್ಲಿ ನಮ್ಮಲ್ಲಿಗೆ ಬಂದ ಇಸುಜು ವಿ-ಕ್ರಾಸ್‌ನಲ್ಲಿ, 2022ರಲ್ಲಿ ಬಂದ ಹೈಲಕ್ಸ್‌ನಲ್ಲಿ ಅಲ್ಲಿಂದ ಕಪ್ ಹೋಲ್ಡರ್ ಹೊರಗೆ ಬರ್ತದೆ. ಜಾಗ ಸುಮ್ಮನೆ ಆರಿಸಿದ್ದಲ್ಲ, ಎಸಿಯ ಗಾಳಿ ನೇರ ಬಾಟಲಿಗೆ ಹೊಡೆದು ನೀರು ತಂಪಾಗಿಯೇ ಇರ್ತದೆ. ಎಷ್ಟೋ ಜನ ಇದನ್ನ ನೋಡದೆ ಅಂಗಡಿಯಿಂದ ಪ್ಲಾಸ್ಟಿಕ್ ಹೋಲ್ಡರ್ ತಂದು ವೆಂಟಿಗೇ ಸಿಕ್ಕಿಸಿ ವೆಂಟಿನ ರೆಕ್ಕೆ ಮುರ್ಕೊಂಡಿದ್ದಾರೆ.

ಈಗ ಗ್ಲೋವ್ ಬಾಕ್ಸ್, ನಮ್ಮ ಊರಿನವರು ಸ್ವಲ್ಪ ಹೊತ್ತು ನಿಲ್ಲಬೇಕಾದ ಜಾಗ. ಬಾಕ್ಸ್ ಖಾಲಿ ಮಾಡಿ, ಎರಡೂ ಬದಿಯ ಗೋಡೆಯನ್ನ ಒಳಗೆ ಒತ್ತಿದ್ರೆ ಹೆಚ್ಚಿನ ಗಾಡಿಗಳಲ್ಲಿ ಅದು ಪೂರ್ತಿ ಕೆಳಗೆ ಬಾಗ್ತದೆ, ಹಿಂದೆ ಉದ್ದದ ಮುಚ್ಚಳ ಕಾಣ್ತದೆ, ಅದರೊಳಗೆ ಎಸಿಯ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್. ನಮ್ಮ ಈ ತೇವದ ಹವೆಗೆ ಅದರಲ್ಲಿ ಬೂಷ್ಟು ಹಿಡಿದು ಹುಳಿ ವಾಸನೆ ಬರ್ತದೆ, ಮಲ್ಪೆ ಬಂದರಿನಿಂದಲೋ ಮಂಗಳೂರು ದಕ್ಕೆಯಿಂದಲೋ ಮೀನಿನ ಬಾಕ್ಸ್ ಹೇರುವವರಾದ್ರೆ ಕೇಳೋದೇ ಬೇಡ, ಸೆಂಟ್ ಬಾಟಲಿ ತಂದಿಟ್ರೆ ಎರಡೂ ವಾಸನೆ ಸೇರಿ ಇನ್ನೂ ಹಾಳು. ಫಿಲ್ಟರ್ ಬದಲಿಸಿ, ಅದರ ಮೇಲೆ ಗಾಳಿ ಹೋಗುವ ದಿಕ್ಕಿಗೆ ಬಾಣ ಇರ್ತದೆ, ತಿರುಗಿಸಿ ಹಾಕ್ಬೇಡಿ. ಹಾಗೇ ಎಸಿ ಹಾಕಿ ಹತ್ತು ನಿಮಿಷ ಬಿಟ್ಟು ಗಾಡಿ ಅಡಿಗೆ ಬಗ್ಗಿ ನೋಡಿ, ನೀರು ತೊಟ್ಟಿಕ್ತಾ ಇರ್ಬೇಕು. ತೊಟ್ಟಿಕ್ಕದೆ ಮುಂದಿನ ಮ್ಯಾಟ್ ಒದ್ದೆಯಾಗಿದ್ರೆ ಎಸಿಯ ನೀರು ಹೋಗುವ ಪೈಪ್ ಕಟ್ಟಿದೆ ಅಂತ ಲೆಕ್ಕ, ಎಷ್ಟೋ ಜನ ಇದನ್ನ ಮಳೆನೀರಿನ ಲೀಕೇಜ್ ಅಂದ್ಕೊಂಡು ಬಾಗಿಲಿನ ರಬ್ಬರ್ ಬದಲಿಸ್ತಾರೆ. ಮಳೆಯಲ್ಲಿ ಒಳಗಿನ ಗ್ಲಾಸಿಗೆ ಮಂಜು ಹಿಡಿದ್ರೆ ಎಸಿ ಹಾಕಿ, ಗಾಳಿ ಒಳಗೇ ಸುತ್ತುವ ಬಟನ್ ಆಫ್ ಮಾಡಿ.

ಹೆಡ್‌ರೆಸ್ಟಿನ ವಿಷಯ ಹೇಳ್ಲೇಬೇಕು. ನೀರಲ್ಲಿ ಸಿಕ್ಕಿದ್ರೆ ಗ್ಲಾಸ್ ಒಡೀಲಿಕ್ಕೆ ಅಂತಲೇ ಅದರ ಸರಳನ್ನ ಕಂಪನಿ ಮಾಡಿದೆ ಅಂತ ವಾಟ್ಸಾಪಲ್ಲಿ ವಿಡಿಯೋ ಬರ್ತಾ ಇರ್ತದಲ್ಲ, ಅದು ಸುಳ್ಳು. ಅದು ಎತ್ತರ ಹೊಂದಿಸ್ಲಿಕ್ಕೆ ಇರೋದು. ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ, ಪಂಪ್‌ವೆಲ್‌ನಲ್ಲಿ ಮಳೆಗೆ ನೀರು ನಿಲ್ಲೋದನ್ನ ನೋಡಿದವರು ಇದನ್ನೇ ನಂಬಿ ಕೂರಬೇಡಿ, ಗ್ಲಾಸ್ ಒಡೆಯುವ ಚೂಪು ಮೂತಿಯ ಸಣ್ಣ ಸುತ್ತಿಗೆ ಸಿಗ್ತದೆ, ಡ್ರೈವರ್ ಕೈಗೆ ಸಿಗುವ ಹಾಗೆ ಇಡಿ.

ಹಿಂದಿನ ಸೀಟಿಗೆ ಬನ್ನಿ. ಕೂರುವ ಭಾಗದ ಅಂಚಲ್ಲಿ ಒಂದು ಲಿವರೋ ಬಟ್ಟೆಯ ಪಟ್ಟಿಯೋ ಇರ್ತದೆ, ಎಳೆದು ಸೀಟನ್ನ ಮೇಲೆತ್ತಿ. ಅಡಿಯಲ್ಲಿ ಖಾನೆ ಇರ್ತದೆ, ಜಾಕ್ ಅಲ್ಲೇ ಇರಬಹುದು, ಇಲ್ಲದಿದ್ರೆ ಬೆನ್ನಿನ ಭಾಗವನ್ನ ಮುಂದೆ ಬಗ್ಗಿಸಿ ಹಿಂದೆ ನೋಡಿ. ಅಲ್ಲೇ ಹೊಲಿದ ಕುಣಿಕೆಗಳು ಕಂಡ್ರೆ ಕೀಳ್ಬೇಡಿ, ಕೆಲವು ಪಿಕಪ್ಪಲ್ಲಿ ಮಕ್ಕಳ ಸೀಟಿನ ಮೇಲಿನ ಬೆಲ್ಟ್ ಅದರೊಳಗಿಂದಲೇ ಹೋಗ್ಬೇಕು.

ಅಮೆರಿಕದ ಪಿಕಪ್‌ಗಳಲ್ಲಿ ಈ ಕೆಲಸ ಇನ್ನೂ ಮುಂದೆ ಹೋಗಿದೆ, ಗಲ್ಫಲ್ಲಿರುವ ನಮ್ಮವರು ನೋಡಿಯೇ ಇರ್ತಾರೆ. 2021ರ ಫೋರ್ಡ್ ಎಫ್-150ಯ ಕೆಲವು ಮಾಡೆಲಲ್ಲಿ ಒಂದು ಬಟನ್ ಒತ್ತಿದ್ರೆ ಗೇರ್ ಲಿವರೇ ಮಡಚಿ ಒಳಗೆ ಹೋಗ್ತದೆ, ಅದರ ಮೇಲೆ ಲ್ಯಾಪ್‌ಟಾಪ್ ಇಡುವಷ್ಟು ಮೇಜು ಬಿಡಿಸಬಹುದು, ಬಿಲ್ ಬರೀಲಿಕ್ಕೆ, ಊಟ ಮಾಡ್ಲಿಕ್ಕೆ. ರಾಮ್ ರೆಬೆಲ್‌ನಲ್ಲಿ ಟೈರಿನ ಅಚ್ಚನ್ನೇ ಸೀಟಿನ ಮೇಲೆ ಮೂಡಿಸಿದ್ರು. ಜೀಪ್ ಗ್ಲಾಡಿಯೇಟರ್‌ನ ಮುಂದಿನ ಗ್ಲಾಸಿನ ಮೂಲೆಯಲ್ಲಿ ಹಳೇ ವಿಲ್ಲಿಸ್ ಜೀಪಿನ ಪುಟ್ಟ ಚಿತ್ರ ಉಂಟು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಫೋರ್ಡ್ ಮ್ಯಾವರಿಕ್, ಹಿಂದಿನ ಸೀಟಿನವರ ಎದುರು ಒಂದು ಖಾಲಿ ಖಾಂಚೆ ಬಿಟ್ಟು ಅದರ ಅಳತೆಯನ್ನೇ ಎಲ್ಲರಿಗೂ ಕೊಟ್ಟಿದ್ದಾರೆ, ಬೇಕಾದ ಹಿಡಿಕೆ, ಕೊಕ್ಕೆಯನ್ನ ತ್ರೀಡಿ ಪ್ರಿಂಟರಲ್ಲಿ ನೀವೇ ಮಾಡಿ ಸಿಕ್ಕಿಸಬಹುದು.

ಕೊನೆಗೆ ಸ್ಟೆಪ್ನಿ. ಜಾಕಿನ ಜೊತೆ ತುಂಡು ತುಂಡು ರಾಡ್ ಇರ್ತದೆ, ಜೋಡಿಸಿ. ಹಿಂದಿನ ಬಂಪರಿನ ಹತ್ರ, ಕೆಲವದರಲ್ಲಿ ನಂಬರ್ ಪ್ಲೇಟಿನ ಆಸುಪಾಸಲ್ಲಿ, ಒಂದು ಸಣ್ಣ ತೂತು ಉಂಟು, ರಾಡನ್ನ ಅದರೊಳಗೆ ತೂರಿಸಿ ಅಡಿಯ ಕೊಂಡಿಗೆ ಕೂರುವ ತನಕ ತಳ್ಳಿ ತಿರುಗಿಸಿದ್ರೆ ಚಕ್ರ ಸರಪಳಿಯಲ್ಲಿ ನಿಧಾನಕ್ಕೆ ಇಳೀತದೆ, ಕಾಲು ಅಡಿಯಲ್ಲಿಡ್ಬೇಡಿ. ಸಮುದ್ರದ ಉಪ್ಪುಗಾಳಿಗೆ ಆ ಸರಪಳಿ ತುಕ್ಕು ಹಿಡಿದು ಗಟ್ಟಿಯಾಗ್ತದೆ, ಮಳೆ ಶುರುವಾಗುವ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಚಕ್ರ ಇಳಿಸಿ ಗ್ರೀಸ್ ಹಚ್ಚಿ ವಾಪಸ್ ಬಿಗಿ ಮಾಡಿ. ಭಾವ ಈ ವರ್ಷ ಮೇ ತಿಂಗಳಲ್ಲೇ ಮಾಡಿ ಮುಗಿಸಿದ್ದಾನೆ, ರಾಡ್ ತಿರುಗಿಸಿದ್ದು ದೊಡ್ಡ ಮಗಳು.