ಗೌರಿ ಹೂವಿನ ಹಳೆಯ ಪಟಕ್ಕೆ ನಾನು ಬಣ್ಣ ತುಂಬುವ ಬಗೆ

ಕೈಯಿಂದ ಹೊಲಿದ ದಿನಚರಿ ಪುಸ್ತಕವಿರಲಿ, ಬುಕ್‌ಮಾರ್ಕ್ ಇರಲಿ, ಹಬ್ಬಕ್ಕೆ ಕಳಿಸುವ ಶುಭಾಶಯ ಪತ್ರವಿರಲಿ, ಚಿತ್ರ ಬೇಕಾದಾಗ ನಾನು ಮೊದಲು ತೆರೆಯುವುದು ‘ಹೋರ್ಟಸ್ ಮಲಬಾರಿಕಸ್’. ಮಲಬಾರಿನ ಡಚ್ ಗವರ್ನರ್ ಆಗಿದ್ದ ಹೆಂಡ್ರಿಕ್ ವಾನ್ ರೀಡ್ ಮಾಡಿಸಿದ ಈ ಗ್ರಂಥ 1678ರಿಂದ 1693ರ ನಡುವೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. 742 ಗಿಡಗಳ ವಿವರ ಅದರಲ್ಲಿದೆ. ಗಿಡಗಳ ಹೆಸರು, ಗುಣ, ಬಳಕೆ ತಿಳಿಸಿದವರಲ್ಲಿ ವೈದ್ಯ ಇಟ್ಟಿ ಅಚ್ಯುತನ್ ಇದ್ದರು. ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಪಂಡಿತರೂ ಇದ್ದರು. ಅಡಿಕೆ, ಹಲಸು, ಸಂಪಿಗೆ, ಸುರಹೊನ್ನೆ ಎಲ್ಲವೂ ಅದರಲ್ಲಿ ಸಿಗುತ್ತವೆ. ನಮ್ಮ ಕರಾವಳಿಯ ಯಾವುದೇ ಹಿತ್ತಲಿನಲ್ಲಿ ಕಾಣುವ ಗಿಡಗಳು ಇವು.

ಆ ಪಟಗಳಿಗೆ ಬಣ್ಣವಿಲ್ಲ. ತಾಮ್ರದ ತಗಡಿನ ಮೇಲೆ ಕೆತ್ತಿ ಒತ್ತಿದ ಕಪ್ಪು ಗೆರೆಗಳಷ್ಟೇ. ನನಗೆ ಅವು ಇಷ್ಟವಾಗುವುದೇ ಅದಕ್ಕೆ. ಬಣ್ಣದ ಪಟವನ್ನು ಕತ್ತರಿಸಿ ಅಂಟಿಸಿದರೆ ಕೆಲಸ ಮುಗಿಯಿತು. ಗೆರೆಯ ಪಟಕ್ಕೆ ಬಣ್ಣ ತುಂಬಬೇಕೆಂದರೆ ಗಿಡದ ಮುಂದೆ ಹೋಗಿ ನಿಲ್ಲಲೇಬೇಕು.

ಪಟಗಳು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಇಡೀ ಸಂಪುಟದ ಪಿಡಿಎಫ್ ಇಳಿಸಿಕೊಂಡರೆ ಗೆರೆಗಳು ಮಸುಕಾಗುವುದುಂಟು. ಬೇಕಾದ ಪುಟವನ್ನು ಮಾತ್ರ ಚಿತ್ರವಾಗಿ ಇಳಿಸಿಕೊಳ್ಳುವುದು ಒಳ್ಳೆಯದು. ಎ4 ಅಳತೆಗೆ ಚೆನ್ನಾಗಿ ಮೂಡಬೇಕಾದರೆ ಚಿತ್ರ ಸುಮಾರು 2480 × 3508 ಪಿಕ್ಸೆಲ್ ಇರಬೇಕು. ಇಷ್ಟು ಹಳೆಯ ಕೃತಿಗೆ ಹಕ್ಕುಸ್ವಾಮ್ಯದ ತೊಡಕಿಲ್ಲ, ಆದರೂ ಸ್ಕ್ಯಾನ್ ಕೊಟ್ಟ ಗ್ರಂಥಾಲಯ ಹಾಕಿರುವ ಷರತ್ತನ್ನು ಓದಿಕೊಳ್ಳುತ್ತೇನೆ, ಮಾರಾಟಕ್ಕೆ ಮಾಡುವ ಕಾರ್ಡಾದರೆ ತಪ್ಪದೆ. ಈ ಪಟಗಳು ಎರಡು ಪುಟ ಹರಡಿಕೊಳ್ಳುವಷ್ಟು ದೊಡ್ಡವು, ಹಾಗಾಗಿ ನಡುವೆ ಮಡಿಕೆಯ ನೆರಳು ಬಿದ್ದಿರುತ್ತದೆ. ಅದನ್ನು ಅಳಿಸುವ ಗೋಜಿಗೆ ನಾನು ಹೋಗುವುದಿಲ್ಲ. ಹಿನ್ನೆಲೆಯ ಹಳದಿಯನ್ನಷ್ಟೇ ತೆಗೆದು ಗೆರೆಗಳನ್ನು ಕಪ್ಪಿನಿಂದ ಬೂದು ಬಣ್ಣಕ್ಕೆ ತಿಳಿಯಾಗಿಸುತ್ತೇನೆ. ಗೆರೆ ಕಡುಕಪ್ಪಾಗಿಯೇ ಉಳಿದರೆ ಮೇಲೆ ಹಾಕಿದ ಬಣ್ಣ ಮಂಕಾಗಿ ಕಾಣುತ್ತದೆ.

ಪ್ರಿಂಟ್ ಮಾತ್ರ ಲೇಸರ್‌ನಲ್ಲೇ ಆಗಬೇಕು. ಇಂಕ್‌ಜೆಟ್ ಶಾಯಿಯಲ್ಲಿ ಹೆಚ್ಚಿನವು ಒದ್ದೆ ಬ್ರಷ್ ತಾಗಿದೊಡನೆ ಕದಡುತ್ತವೆ. ಲೇಸರ್ ಟೋನರ್ ಎಂದರೆ ಬಿಸಿಗೆ ಕರಗಿ ಕಾಗದಕ್ಕೆ ಕಚ್ಚಿಕೊಂಡ ಪ್ಲಾಸ್ಟಿಕ್ ಪುಡಿ, ನೀರಿಗೆ ಜಗ್ಗುವುದಿಲ್ಲ. ಜೆರಾಕ್ಸ್ ಅಂಗಡಿಗೆ ನನ್ನದೇ ದಪ್ಪ ಡ್ರಾಯಿಂಗ್ ಹಾಳೆಯನ್ನು ಎ4ಗೆ ಕತ್ತರಿಸಿ ಒಯ್ಯುತ್ತೇನೆ. ಮೊದಲೇ ಕೇಳಿಕೊಂಡರೆ ಮಷೀನಿನ ಬದಿಯ ಟ್ರೇಯಲ್ಲಿ ಒಂದೊಂದೇ ಹಾಳೆ ಹಾಕಿ ತೆಗೆದುಕೊಡುತ್ತಾರೆ.

ನಾನು ಮತ್ತೆ ಮತ್ತೆ ಬಣ್ಣ ತುಂಬುವ ಪಟ 7ನೇ ಸಂಪುಟದ ‘ಮೇಂದೋನ್ನಿ’. ನಮ್ಮ ಗೌರಿ ಹೂ, ಅಗ್ನಿಶಿಖೆ ಎಂದೂ ಕರೆಯುತ್ತೇವೆ. ಮಳೆಗಾಲದಲ್ಲಿ, ಗೌರಿ ಹಬ್ಬದ ಆಸುಪಾಸಿನಲ್ಲಿ ಬೇಲಿಯ ಮೇಲೆ ಹಬ್ಬಿ ಅರಳುತ್ತದೆ. ಹತ್ತಿರ ಹೋಗಿ ನೋಡಿ: ಹೂ ಕೆಳಮುಖವಾಗಿ ತೂಗುತ್ತಿರುತ್ತದೆ, ಆರೂ ಎಸಳುಗಳು ಮಾತ್ರ ಹಿಂದಕ್ಕೆ ಮಡಚಿ ಮೇಲಕ್ಕೆ ಎದ್ದಿರುತ್ತವೆ, ಅಂಚು ಅಲೆ ಅಲೆ. ಹಸಿರು ಮೊಗ್ಗು ಬಿರಿದಾಗ ಎಸಳಿನ ಬುಡ ಹಳದಿ, ತುದಿ ಕೆಂಪು. ದಿನ ಕಳೆದಂತೆ ಕೆಂಪು ಕೆಳಕ್ಕಿಳಿದು ಎಸಳನ್ನೆಲ್ಲ ಆವರಿಸುತ್ತದೆ. ಶಲಾಕೆ, ಅಂದರೆ ಹೂವಿನ ಅಂಡಾಶಯದಿಂದ ಹೊರಡುವ ಕಡ್ಡಿಯಂಥ ಭಾಗ, ಬುಡದಲ್ಲೇ ತೊಂಬತ್ತು ಡಿಗ್ರಿ ತಿರುಗಿ ಪಕ್ಕಕ್ಕೆ ಚಾಚಿರುತ್ತದೆ. ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುತ್ತದೆ. ಗೆಡ್ಡೆ ಕಡು ವಿಷ, ಮಕ್ಕಳ ಜೊತೆ ಹೋದಾಗ ಎಚ್ಚರವಿರಲಿ.

ಹೀಗಾಗಿ ಒಂದೇ ಬಳ್ಳಿಯ ಹೂಗಳಿಗೂ ಒಂದೇ ಬಣ್ಣ ಸಲ್ಲದು. ಮೊದಲು ಎಸಳಿಗೆಲ್ಲ ತೆಳುವಾದ ನಿಂಬೆ ಹಳದಿ ಬಳಿದು ಪೂರ್ತಿ ಒಣಗಲು ಬಿಡುತ್ತೇನೆ. ಆಮೇಲೆ ಎಸಳಿನ ಕೆಳಭಾಗಕ್ಕೆ ಬರೀ ನೀರು ಸವರಿ, ತುದಿಯಿಂದ ಕೆಂಪನ್ನು ಇಳಿಸಿಕೊಂಡು ಬರುತ್ತೇನೆ. ನೀರು ತಾಗಿದಲ್ಲಿ ಕೆಂಪು ತಾನೇ ಹರಡಿ ಕಿತ್ತಳೆಯಾಗುತ್ತದೆ. ಅಂಚಿನಲ್ಲಿ ಕೂದಲೆಳೆಯಷ್ಟು ಹಳದಿಯನ್ನು ಮುಟ್ಟದೆ ಬಿಡಬೇಕು. ನಿಜವಾದ ಹೂವಿನಲ್ಲೂ ಹಾಗೇ ಇರುತ್ತದೆ, ಎಸಳು ಜೀವಂತವಾಗಿ ಕಾಣುವುದೇ ಆ ಗೆರೆಯಿಂದ.

ಕತ್ತರಿಸುವಾಗ ನನ್ನದೊಂದು ಹಟವಿದೆ. ಹೋರ್ಟಸ್‌ನ ಪಟಗಳ ಮೇಲೆ ಗಿಡದ ಹೆಸರನ್ನು ಲ್ಯಾಟಿನ್, ಮಲಯಾಳಂ, ಅರಬ್ಬಿ, ನಾಗರಿ ಲಿಪಿಗಳಲ್ಲಿ ಕೆತ್ತಿದ್ದಾರೆ. ನಾಗರಿಯಲ್ಲಿರುವುದು ಕೊಂಕಣಿ ಹೆಸರು. ಹೂವಿನ ಸುತ್ತ ಕತ್ತರಿ ಆಡಿಸಿ ಈ ಅಕ್ಷರಗಳನ್ನು ಕಸದ ಬುಟ್ಟಿಗೆ ಹಾಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹೆಸರಿನ ಪಟ್ಟಿಯನ್ನು ಬೇರೆಯಾಗಿ ಕತ್ತರಿಸಿ ಚಿತ್ರದ ಕೆಳಗೆ ಅಂಟಿಸುತ್ತೇನೆ, ಪಕ್ಕದಲ್ಲಿ ನಮ್ಮೂರಿನ ಹೆಸರನ್ನು ಕನ್ನಡದಲ್ಲಿ ಬರೆಯುತ್ತೇನೆ. ಹಾಗೆಯೇ, ಹಳೆಯ ಪುಸ್ತಕದಿಂದ ಹರಿದು ಮಾರುವ ಬಿಡಿ ಪಟಗಳನ್ನು ನಾನು ಕೊಳ್ಳುವುದಿಲ್ಲ. ಒಂದು ಹಾಳೆಯ ಆಸೆಗೆ ಒಂದು ಪುಸ್ತಕ ಹಾಳಾಗಬಾರದು.

ಅಂಟಿಸುವ ಕೆಲಸ ಸರಳ. ಫೆವಿಕಾಲನ್ನು ಸ್ವಲ್ಪವೇ ನೀರಲ್ಲಿ ಸಡಿಲಿಸಿ, ಚಪ್ಪಟೆ ಬ್ರಷ್‌ನಿಂದ ಚಿತ್ರದ ಹಿಂಬದಿಗೆ ನಡುವಿನಿಂದ ಅಂಚಿಗೆ ತೆಳುವಾಗಿ ಎಳೆಯಬೇಕು. ಮೇಲೊಂದು ಬಟರ್ ಪೇಪರ್ ಇಟ್ಟು ರಾತ್ರಿಯಿಡೀ ಭಾರದ ಪುಸ್ತಕಗಳ ಅಡಿ ಬಿಟ್ಟರೆ ಸುಕ್ಕು ಬೀಳದು. ಮೈದಾ ಅಂಟು ನನಗೆ ಪ್ರಿಯವೇ, ಆದರೆ ಮಳೆಗಾಲದಲ್ಲಿ ಅದಕ್ಕೆ ಹುಳ ಬರುತ್ತದೆ.

ಹೋರ್ಟಸ್ ಕೈಗೆ ಕುದುರಿದ ಮೇಲೆ ಸಸ್ಯವಿಜ್ಞಾನಿ ರಾಬರ್ಟ್ ವೈಟ್‌ನ ‘ಐಕೋನ್ಸ್’ ಎಂಬ ಸಸ್ಯಚಿತ್ರ ಗ್ರಂಥ ತೆರೆಯಿರಿ. 1838ರಿಂದ 1853ರವರೆಗೆ ಮದ್ರಾಸಿನಲ್ಲಿ ಹೊರಬಂದ ಇದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪಟಗಳಿವೆ, ಇವೂ ಬಣ್ಣವಿಲ್ಲದವು. ಕಲ್ಲಚ್ಚಿನ ಗೆರೆ ತಾಮ್ರದ ಗೆರೆಗಿಂತ ಮೃದು, ಹಾಗಾಗಿ ಬಣ್ಣ ಇನ್ನೂ ತೆಳುವಾಗಿರಲಿ. ವೈಟ್‌ಗೆ ಚಿತ್ರ ಬರೆದುಕೊಟ್ಟವರು ರಂಗಯ್ಯ, ಅವರ ನಂತರ ಗೋವಿಂದು, ಇಬ್ಬರೂ ದಕ್ಷಿಣ ಭಾರತದ ಕಲಾವಿದರು. ಒಂದು ಆರ್ಕಿಡ್ ಕುಲಕ್ಕೆ ವೈಟ್ ‘ಗೋವಿಂದೂಯಿಯಾ’ ಎಂದೇ ಹೆಸರಿಟ್ಟಿದ್ದ. ಆಮೇಲೆ ಅದು ಬೇರೊಂದು ಕುಲದಲ್ಲಿ ಸೇರಿಹೋಯಿತು. ಅವರ ಪಟ ಬಳಸಿ ಮಾಡಿದ ಕಾರ್ಡಿನ ಹಿಂದೆ ಸಂಪುಟ, ಪಟದ ಸಂಖ್ಯೆ, ಕಲಾವಿದರ ಹೆಸರು ಇಷ್ಟನ್ನೂ ಪೆನ್ಸಿಲ್‌ನಲ್ಲಿ ಬರೆದೇ ಲಕೋಟೆಗೆ ಹಾಕುತ್ತೇನೆ.