ಕುಂಡದ ಹಳೇ ಮಣ್ಣಿಗೆ ಬಿಸಿಲ ಚಿಕಿತ್ಸೆ: ನನ್ನ ಅನುಭವ

"ಹಳೇ ಮಣ್ಣು ಬಿಸಾಕಿ, ಹೊಸದು ತುಂಬಿಸಿ" ಅಂತ ನನಗೆ ಹೇಳದವರಿಲ್ಲ. ಬೆಂಗಳೂರಿನ ಜೆ.ಪಿ. ನಗರದ ಎರಡನೇ ಮಹಡಿಯ ತಾರಸಿಯಿಂದ ನಲವತ್ತು ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) ಮಣ್ಣನ್ನು ಯಾರು ಇಳಿಸೋದು, ಎಲ್ಲಿ ಸುರಿಯೋದು? ಅದನ್ನು ಮಾತ್ರ ಯಾರೂ ಹೇಳಲಿಲ್ಲ.

ನನ್ನ ಸಮಸ್ಯೆ ಬೇರುಗಂಟು ಹುಳು, ಅಂದರೆ ಮಣ್ಣಲ್ಲಿದ್ದು ಬೇರಿನೊಳಗೆ ಹೊಕ್ಕುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳು (ನೆಮಟೋಡ್). ಟೊಮ್ಯಾಟೊ, ಬೆಂಡೆ, ಬದನೆ ಯಾವುದು ಹಾಕಿದರೂ ಮೊಣಕಾಲೆತ್ತರ ಬಂದು ನಿಂತುಬಿಡೋದು. ಮಧ್ಯಾಹ್ನ ಬಾಡೋದು, ಸಂಜೆ ಎದ್ದು ಕೂರೋದು. ಕಿತ್ತು ನೋಡಿದರೆ ಬೇರಿನ ತುಂಬ ಶುಂಠಿ ಹಾಗೆ ಗಂಟುಗಂಟು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮ್ಯಾಟೊ ಹಾಕಿದೆ. ಅದು ಎಲೆ ಮುದುಡು, ದುಂಡಾಣು ಸೊರಗು, ಮುಂಚಿನ ಅಂಗಮಾರಿ (ಅರ್ಲಿ ಬ್ಲೈಟ್) ಮೂರನ್ನೂ ತಡೆಯುವ ತಳಿ, ಆದರೆ ಈ ಹುಳು ಆ ಪಟ್ಟಿಯಲ್ಲಿಲ್ಲ. ಬೇವಿನ ಹಿಂಡಿ ಸುರಿದೆ. ಸುತ್ತ ಚೆಂಡು ಹೂವು ನೆಟ್ಟೆ, ಪೂಜೆಗೆ ಹೂವು ಚೆನ್ನಾಗಿ ಸಿಕ್ತು, ಅಷ್ಟೇ. ಒಂದು ವರ್ಷ ಹತ್ತು ಬ್ಯಾಗಿಗೆ ಹೊಸ ಮಿಶ್ರಣ ತಂದೆ, ಮೂರೂವರೆ ಸಾವಿರದ ಹತ್ತಿರ ಹೋಯಿತು. ಬ್ಯಾಗ್ ಹಳೇದೇ, ಕರಣೆ ಹಳೇದೇ. ಮುಂದಿನ ಬೆಳೆಗೆ ಗಂಟು ಮತ್ತೆ ಹಾಜರ್.

2024ರ ಬೇಸಿಗೆ ನಿಮಗೆ ನೆನಪಿದೆ ಅಲ್ವಾ. ಬೋರ್‌ವೆಲ್‌ಗಳು ಬತ್ತಿದ್ದವು, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಆದೇಶ ಬೇರೆ. ತಾರಸಿ ಖಾಲಿ ಬಿಡಲೇಬೇಕಾಯಿತು. ಸರಿ, ಗಿಡ ಇಲ್ಲ ಅಂದರೆ ಮಣ್ಣನ್ನಾದರೂ ಬೇಯಿಸೋಣ ಅಂತ ಶುರು ಮಾಡಿದೆ.

ಬ್ಯಾಗಿನಲ್ಲೇ ಮಣ್ಣು ಬಿಟ್ಟು ಮೇಲೆ ಪ್ಲಾಸ್ಟಿಕ್ ಕಟ್ಟಿದರೆ ಕೆಲಸ ಆಗಲ್ಲ, ನಡುವಿನ ಮಣ್ಣು ತಣ್ಣಗೇ ಇರುತ್ತೆ. ಕಪ್ಪು ಶೀಟ್ ಕೂಡ ಬೇಡ. ಅದು ತಾನು ಸುಡುತ್ತೆ, ಮಣ್ಣಿಗೆ ಅಷ್ಟು ಬಿಸಿ ಇಳಿಯಲ್ಲ. ತಾರಸಿ ಮೇಲೆ ಒಂದು ಶೀಟ್ ಹಾಸಿ ಮಣ್ಣನ್ನು ನಾಲ್ಕೈದು ಇಂಚು ದಪ್ಪ ಹರಡಿ, ಚೆನ್ನಾಗಿ ನೀರು ಚಿಮುಕಿಸಿ, ಮೇಲೆ ಪಾರದರ್ಶಕ ಶೀಟ್ ಎಳೆದು, ಸುತ್ತಲೂ ಅಂಚು ಮಡಿಸಿ ಇಟ್ಟಿಗೆ ಹೇರಿದೆ. ಒಣ ಮಣ್ಣಾದರೆ ಶಾಖ ಒಳಗೆ ಹೋಗಲ್ಲ, ಹುಳುವೂ ಅಷ್ಟು ಸುಲಭಕ್ಕೆ ಸಾಯಲ್ಲ. ನೀರಿಗೇನು ಮಾಡಿದೆ ಅಂದರೆ ಆರ್‌ಒ ಯಂತ್ರದಿಂದ ಹೊರಗೆ ಹೋಗುವ ನೀರು, ತರಕಾರಿ ತೊಳೆದ ನೀರು. ಹರಡಿಟ್ಟ ಕಾರಣ ತಾರಸಿ ಮೇಲೆ ಭಾರವೂ ಒಂದೇ ಕಡೆ ಬೀಳಲಿಲ್ಲ.

ಆ ಏಪ್ರಿಲ್ ಕೊನೆಗೆ ಊರಲ್ಲೇ 38 ಡಿಗ್ರಿ ದಾಟಿತ್ತು. ಅಡುಗೆಮನೆ ಥರ್ಮಾಮೀಟರ್ ಚುಚ್ಚಿದರೆ ಮಧ್ಯಾಹ್ನ ಮಣ್ಣು 50ರ ಮೇಲೇ ತೋರಿಸುತ್ತಿತ್ತು. ಶೀಟ್ ಒಳಗೆ ಹನಿ ಕಟ್ಟಿ ಮತ್ತೆ ಮಣ್ಣಿಗೇ ತೊಟ್ಟಿಕ್ಕೋದು, ಅದು ಕಂಡರೆ ಗಾಳಿ ನುಗ್ಗಿಲ್ಲ ಅಂತ ಅರ್ಥ. ಮೇ ಮೊದಲ ಗಾಳಿಮಳೆಗೆ ಒಂದು ಶೀಟ್ ಹರಿದು ಪಕ್ಕದ ಮನೆಯ ನೀರಿನ ಟ್ಯಾಂಕ್ ಮೇಲೆ ಕೂತಿತ್ತು. ಅದನ್ನು ಟೇಪ್ ಹಚ್ಚಿ ಮತ್ತೆ ಹಾಕಿದೆ. ಒಟ್ಟು ಐದಾರು ವಾರ.

ನಡುವೆ ಒಂದು ಪ್ರಯೋಗ. ಎಲೆಕೋಸಿನ ಹೊರ ಎಲೆಗಳನ್ನು ಕೊಚ್ಚಿ ಮಣ್ಣಿಗೆ ಬೆರೆಸಿ ಮುಚ್ಚಿದರೆ, ಅದು ಕೊಳೆಯುವಾಗ ಬರುವ ಗ್ಯಾಸ್ ಕೂಡ ಹುಳುವನ್ನು ಹೊಡೆಯುತ್ತೆ. ಒಂದು ಭಾಗಕ್ಕೆ ಮಾತ್ರ ಮಾಡಿದೆ. ಕೆಳಮನೆ ಆಂಟಿ ಮೇಲೆ ಬಂದು "ಏನ್ರೀ, ಇಲಿ ಗಿಲಿ ಸತ್ತಿದೆಯಾ?" ಅಂದರು.

ಇದನ್ನು ಆಗಸ್ಟ್‌ನಲ್ಲಿ ಮಾಡೋಕೆ ಹೋಗಬೇಡಿ. ಅಮೆರಿಕದವರ ವಿಡಿಯೊ ನೋಡಿ ಜುಲೈ, ಆಗಸ್ಟ್‌ನಲ್ಲಿ ಶೀಟ್ ಹಾಸುವವರು ಇಲ್ಲಿ ಜಾಸ್ತಿ. ಅವರಿಗೆ ಅದು ಬಿರುಬೇಸಿಗೆ, ನಮಗೆ ಮೋಡ. ನಾನು ಬೆಂದ ಮಣ್ಣನ್ನು ಚೀಲಕ್ಕೆ ತುಂಬಿ ಮಳೆ ತಾಗದ ಹಾಗೆ ಇಟ್ಟೆ. ಆಗಸ್ಟ್‌ನಲ್ಲಿ ಮೂರು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ, ಬ್ಯಾಗಿಗೆ ಒಂದು ಹಿಡಿ ಬೇವಿನ ಹಿಂಡಿ, ಟ್ರೈಕೋಡರ್ಮಾ (ಬೇರಿಗೆ ಒಳ್ಳೇದು ಮಾಡುವ ಶಿಲೀಂಧ್ರದ ಪುಡಿ) ಬೆರೆಸಿ ನೆರಳಲ್ಲಿ ಎರಡು ವಾರ ಬಿಟ್ಟೆ. ಬೆಂದ ಮಣ್ಣಿಗೆ ಜೀವ ಬರದೆ ಸಸಿ ಇಟ್ಟರೆ ಸುಮ್ನೆ ದಂಡ. ಬ್ಯಾಗ್, ಕರಣೆ, ಕೋಲು ಎಲ್ಲವನ್ನೂ ತೊಳೆದು ಬಿಸಿಲಿಗೆ ಹಾಕಿದೆ.

ಗೌರಿ ಹಬ್ಬದ ಆಸುಪಾಸಿಗೆ ಪ್ರೋಟ್ರೇಯಲ್ಲಿ (ಸಸಿ ಬೆಳೆಸುವ ಗುಳಿಗುಳಿ ತಟ್ಟೆ) ಟೊಮ್ಯಾಟೊ, ಹೂಕೋಸು. ಹಸ್ತ ಮಳೆಗೆ ಕ್ಯಾರೆಟ್, ಬೀಟ್‌ರೂಟ್ ನೇರ ಬಿತ್ತನೆ. ಅಕ್ಟೋಬರ್ ಮಧ್ಯದ ಮಳೆ ಅರ್ಧ ಕ್ಯಾರೆಟ್ ಸಸಿಗಳನ್ನು ಕೊಚ್ಚಿಕೊಂಡು ಹೋಯಿತು, ಮತ್ತೆ ಬಿತ್ತಿದೆ. ಉಳಿದಿದ್ದಕ್ಕೆಲ್ಲ ನೆರಳು ಬಲೆ ಕಟ್ಟಿ ಕಾಪಾಡಿದೆ.

ಜನವರಿಯಲ್ಲಿ ಟೊಮ್ಯಾಟೊ ಗಿಡ ಕಿತ್ತೆ. ಬೇರು ಬಿಳಿ, ತೆಳ್ಳಗೆ, ತುದಿವರೆಗೂ ನಯ. ಬೇಕಂತಲೇ ಬಿಸಿಲಿಗೆ ಹಾಕದೆ ಇಟ್ಟಿದ್ದ ಎರಡು ಬ್ಯಾಗಿನಲ್ಲಿ ಅದೇ ಹಳೇ ಗಂಟು. ಗಿಡಕ್ಕೆ ಸರಾಸರಿ ಮೂರು ಕಿಲೋ ಹಣ್ಣು ಬಂದಿರಬೇಕು, ಹಿಂದೆ ಅರ್ಧ ಕಿಲೋ ಬಂದರೆ ದೊಡ್ಡದು. ಕ್ಯಾರೆಟ್ ಕವಲೊಡೆಯದೆ ನೇರ ಇಳಿದಿತ್ತು. ಶೀಟ್, ಟೇಪ್, ಹಿಂಡಿ, ಗೊಬ್ಬರ ಎಲ್ಲಾ ಸೇರಿ ಎರಡು ಸಾವಿರದ ಒಳಗೇ. ನಲವತ್ತು ಬ್ಯಾಗಿಗೂ ಹೊಸ ಮಣ್ಣು ಅಂದಿದ್ದರೆ ಹದಿಮೂರು ಹದಿನಾಲ್ಕು ಸಾವಿರ.

"ಕಾಂಕ್ರೀಟ್ ಮೇಲೆಲ್ಲ ಇದು ಆಗಲ್ಲ" ಅಂದಿದ್ದ ಪಕ್ಕದ ಬೀದಿಯ ಹಿರಿಯರು ಈಗ ಶೀಟ್ ಅಳತೆ ಕೇಳುತ್ತಿದ್ದಾರೆ. ಹನ್ನೆರಡು ಅಡಿ ಅಗಲದ್ದೇ ತಗೊಳ್ಳಿ ಸಾರ್, ಆರಡಿಯ ಎರಡನ್ನು ಜೋಡಿಸಿದರೆ ನಡುವೆ ಗಾಳಿ ನುಗ್ಗುತ್ತೆ.